ಹೊಟ್ಟೆಯ ಹೆಸರಿನಲ್ಲಿ ಒಂದು ಬಾಟಲಿ

ಔರಾದದ ನಮ್ಮ ಕಾಕಾನ ಮಂಚದ ಕೆಳಗೆ ಹಿಂದೆಲ್ಲ ಇರುತ್ತಿದ್ದುದು ಒಂದು ತಾಮ್ರದ ಚರಗಿ, ಒಂದು ಜೊತೆ ಚಪ್ಪಲಿ. ಈ ಬೇಸಿಗೆಯಲ್ಲಿ ಹೋದಾಗ ನೋಡಿದರೆ ಖಾಲಿ ಪ್ಲಾಸ್ಟಿಕ್ ಬಾಟಲಿಗಳ ಸಾಲೇ ಇತ್ತು. ಎಲ್ಲವೂ ಜೀರಾ ಸೋಡಾದವು. ಮೈಮೇಲೆ ಜೀರಿಗೆಯ ಚಿತ್ರ, ಊಟದ ನಂತರ ಹೊಟ್ಟೆಗೆ ಹಿತ ಎಂಬರ್ಥದ ಒಂದು ಸಾಲು.

“ಊಟ ಆದ ಮ್ಯಾಲ ಒಂದು ಕುಡದ್ರ ತೇಗು ಬರ್ತದ ನೋಡು. ಹೊಟ್ಟಿ ಹಗುರ ಆತದ” ಎಂದು ಕಾಕಾ ಸಮರ್ಥಿಸಿಕೊಂಡರು. ಮಧ್ಯಾಹ್ನಕ್ಕೊಂದು, ರಾತ್ರಿಗೊಂದು.

ಕಾಕಾಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಚಹಾಕ್ಕೆ ಸಕ್ಕರೆ ಇಲ್ಲ. ಹಬ್ಬದ ದಿನವೂ ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು ತಟ್ಟೆ ಸರಿಸಿಬಿಡುವ ಶಿಸ್ತಿನ ಮನುಷ್ಯ. ಆದರೂ ಮೂರು ತಿಂಗಳಿಂದ ರಕ್ತದ ಸಕ್ಕರೆ ಇಳಿಯುತ್ತಿರಲಿಲ್ಲ. ಮಾತ್ರೆ ಏರಿಸಿದ ಡಾಕ್ಟರು ಮುಂದಿನ ಸಲ ಇನ್ಸುಲಿನ್ ಎಂದಿದ್ದಾರೆಂದು ಕಾಕು ಕಣ್ಣೊರೆಸಿಕೊಂಡರು. ನಾನು ಒಂದು ಬಾಟಲಿ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿದೆ. ನೂರು ಮಿಲಿಲೀಟರಿಗೆ 12 ಗ್ರಾಂ ಸಕ್ಕರೆ. ಬಾಟಲಿ 250 ಮಿಲಿಲೀಟರಿನದು. ಅಂದರೆ ಒಂದಕ್ಕೆ 30 ಗ್ರಾಂ, ಹೆಚ್ಚುಕಡಿಮೆ ಆರು ಚಮಚ. ದಿನಕ್ಕೆ ಹನ್ನೆರಡು ಚಮಚ ಸಕ್ಕರೆಯನ್ನು ಈ ಶಿಸ್ತಿನ ಮನುಷ್ಯ ಔಷಧಿಯೆಂದು ಕುಡಿಯುತ್ತಿದ್ದರು! ತೇಗಿನ ಗುಟ್ಟು ಇನ್ನೂ ಸರಳ. ಬಾಟಲಿಯೊಳಗೆ ತುಂಬಿದ್ದ ಗ್ಯಾಸೇ ಬಂದ ದಾರಿಯಲ್ಲಿ ಹಿಂದಿರುಗುತ್ತದೆ, ಅಷ್ಟೆ.

ಅಂದಿನಿಂದ ಹೊಟ್ಟೆಯ ಹೆಸರು ಹೇಳಿ ಮಾರುವ ಪಾನೀಯ ಕಂಡಲ್ಲೆಲ್ಲ ಕೊಂಡು ರುಚಿ ನೋಡುವುದು, ಅದಕ್ಕಿಂತ ಮೊದಲು ಹಿಂಬದಿ ಓದುವುದು ನನಗೊಂದು ಚಟವಾಯಿತು.

ಬೀದರ್ ನಗರದ ದೊಡ್ಡ ಅಂಗಡಿಯೊಂದರಲ್ಲಿ ಸಿಕ್ಕಿದ್ದು ‘ಪ್ರಿಬಯಾಟಿಕ್’ ಸೋಡಾದ ಡಬ್ಬಿ. ಹೆಸರು ಹೊಸದು, ವಿಷಯ ಕಷ್ಟದ್ದಲ್ಲ. ನಮ್ಮ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನಮಗೆ ಜೀರ್ಣವಾಗದ ಕೆಲವು ಬಗೆಯ ನಾರು ಅವುಗಳಿಗೆ ಊಟ. ಅಂಥ ನಾರಿಗೆ 1995ರಲ್ಲಿ ಇಬ್ಬರು ವಿಜ್ಞಾನಿಗಳು ಇಟ್ಟ ಹೆಸರು ಪ್ರಿಬಯಾಟಿಕ್. ಜೀವಂತ ಸೂಕ್ಷ್ಮಜೀವಿಗಳನ್ನೇ ಕುಡಿಸಿದರೆ ಅದು ಪ್ರೊಬಯಾಟಿಕ್. ಡಬ್ಬಿಯ ಸೋಡಾ ಬಾಯಿಗೆ ಕೆಟ್ಟದೇನಲ್ಲ, ತೆಳ್ಳಗೆ ಮಾಡಿದ ಹಣ್ಣಿನ ಶರಬತ್ತಿನಂತಿತ್ತು. ಆದರೆ ಅದರ ಬೆಲೆಗೆ ಒಂದು ಕಿಲೋ ಬಿಳಿಜೋಳ ಬಂದು ಚಿಲ್ಲರೆಯೂ ಉಳಿಯುತ್ತಿತ್ತು.

ಅಮೆರಿಕದಲ್ಲಿ ಇಂಥ ಸೋಡಾಗಳದು ಈಗ ಭಾರಿ ವ್ಯಾಪಾರ. ‘ಪಾಪ್ಪಿ’ ಎಂಬ ಬ್ರ್ಯಾಂಡಿನ ಡಬ್ಬಿಯಲ್ಲಿದ್ದ ನಾರು ಕೇವಲ 2 ಗ್ರಾಂ; ಅಷ್ಟರಿಂದ ಕರುಳಿಗೇನು ಲಾಭ ಎಂದು 2024ರಲ್ಲಿ ಗ್ರಾಹಕರು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಕಂಪನಿ, ತಪ್ಪೊಪ್ಪಿಕೊಳ್ಳದೆಯೇ, 89 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಅದೇ 2025ರಲ್ಲಿ ಪೆಪ್ಸಿಕೋ ಆ ಬ್ರ್ಯಾಂಡನ್ನು 195 ಕೋಟಿ ಡಾಲರ್ ಕೊಟ್ಟು ಕೊಂಡಿತು! ಪೆಪ್ಸಿಗೆ ಇದು ಹಳೆಯ ಕಸುಬು ಎನ್ನಬೇಕು. 1893ರಲ್ಲಿ ಕ್ಯಾಲೆಬ್ ಬ್ರಾಡ್‌ಹ್ಯಾಮ್ ಎಂಬ ಔಷಧಿ ಅಂಗಡಿಯಾತ ತಯಾರಿಸಿದ ಪಾನೀಯಕ್ಕೆ 1898ರಲ್ಲಿ ಪೆಪ್ಸಿ ಎಂದು ಹೆಸರಿಟ್ಟದ್ದೇ ‘ಡಿಸ್ಪೆಪ್ಸಿಯಾ’, ಅಂದರೆ ಅಜೀರ್ಣ, ಎಂಬ ಪದದಿಂದ. ಅದೂ ಜೀರ್ಣಕ್ಕೆ ಒಳ್ಳೆಯದೆಂದೇ ಮಾರಾಟವಾದದ್ದು.

ಇನ್ನು ಜೀವಂತ ಜೀವಿಗಳ ಕಥೆ. ಹುಳಿ ಹಾಲು ಕುಡಿಯುವ ಬಲ್ಗೇರಿಯದ ರೈತರ ದೀರ್ಘಾಯುಷ್ಯದ ಬಗ್ಗೆ ಬರೆದ ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಬಂತು (ಬಂದದ್ದು ಬೇರೆ ಸಂಶೋಧನೆಗೆ, ಆದರೆ ಮೊಸರಿಗೂ ಅದರ ಕೀರ್ತಿ ತಗುಲಿತು). ಜಪಾನಿನ ಮಿನೋರು ಶಿರೋಟಾ 1930ರಲ್ಲಿ ಗಟ್ಟಿ ಜೀವದ ಬ್ಯಾಕ್ಟೀರಿಯಾ ಒಂದನ್ನು ಬೇರ್ಪಡಿಸಿ ಬೆಳೆಸಿದರು. 1935ರಲ್ಲಿ ಅದು ‘ಯಾಕುಲ್ಟ್’ ಆಗಿ ಮಾರುಕಟ್ಟೆಗೆ ಬಂತು. 65 ಮಿಲಿಲೀಟರಿನ ಪುಟ್ಟ ಸೀಸೆ, ಒಳಗೆ 650 ಕೋಟಿ ಜೀವಿಗಳು. ಒಂದೇ ಷರತ್ತು, ಕುಡಿಯುವ ತನಕ ತಣ್ಣಗಿರಬೇಕು.

ಈ ಷರತ್ತಿನಲ್ಲಿಯೇ ನಮ್ಮ ಸೀಮೆಯ ತೊಡಕಿರುವುದು. ಭಾಲ್ಕಿಯಲ್ಲಿ ಒಂದು ಅಂಗಡಿಯ ಫ್ರಿಜ್ಜಿನಿಂದ ಪ್ರೊಬಯಾಟಿಕ್ ಪಾನೀಯದ ಬಾಟಲಿ ತೆಗೆಸಿಕೊಂಡೆ. ಮೇ ತಿಂಗಳ ಮಧ್ಯಾಹ್ನ. ಬಾಟಲಿ ಕೈಗೆ ಬೆಚ್ಚಗೆ ಹತ್ತಿತು. ‘ಇದು ಹೀಗೇಕೆ?’ ಎಂದರೆ, “ಮುಂಜಾನಿಂದ ಕರೆಂಟೇ ಇಲ್ಲ ರೀ. ರಾತ್ರಿ ಬಂದ್ರ ಮತ್ತ ಥಂಡ ಆತದ, ಒಯ್ರಿ” ಎಂಬ ನಿರುಮ್ಮಳ ಉತ್ತರ. ಬಾಟಲಿ ಮತ್ತೆ ತಂಪಾಗಬಹುದು. ಒಳಗೆ ಸತ್ತ ಜೀವಿಗಳು ಏಳುವುದಿಲ್ಲವಲ್ಲ! ಅಲ್ಲೇ ಪಕ್ಕದ ಗಾಡಿಯಲ್ಲಿ ನಿಂಬೆ, ಉಪ್ಪು ಹಾಕಿದ ಸೋಡಾ ಕುಡಿದೆ. ಹೊಟ್ಟೆಯ ಬಗ್ಗೆ ಏನನ್ನೂ ಹೇಳಿಕೊಳ್ಳದ ಅದು ಬಾಯಾರಿಕೆ ನೀಗಿಸಿತು.

ಔರಾದಕ್ಕೆ ಮರಳಿದಾಗ ಕಾಕುವಿನ ಮುಂದೆ ನನ್ನ ಲೆಕ್ಕವನ್ನೆಲ್ಲ ಬಿಚ್ಚಿಟ್ಟೆ. ಜೋಳದ ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ನಾರಿದೆ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಗೆ ಐದು ಗ್ರಾಂ. ಆ ಅಮೆರಿಕದ ಎರಡು ಡಬ್ಬಿಗಿಂತ ಹೆಚ್ಚಾಯಿತು. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಡಬ್ಬಿಗೆ ಬೆರೆಸುವ ‘ಇನುಲಿನ್’ ಎಂಬ ನಾರು ಉಳ್ಳಾಗಡ್ಡಿ, ಬೆಳ್ಳುಳ್ಳಿಗಳಲ್ಲಿಯೂ ಇದೆ.

ಕಾಕು ನಕ್ಕರು. “ಹಾಂಗಾದ್ರ ಎಳ್ಳ ಅಮಾಸಿ ಅಂಬಲಿ ಏನು ಪಾಪ ಮಾಡ್ಯಾದ?”

ಬೀದರ್ ಸೀಮೆಯವರಿಗೆ ಎಳ್ಳ ಅಮಾವಾಸ್ಯೆಯನ್ನು ಬಣ್ಣಿಸಬೇಕಿಲ್ಲ. ಹಿಂಗಾರಿ ಜೋಳ ಎದೆಯೆತ್ತರ ನಿಂತಾಗ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಉಣ್ಣುವ ಹಬ್ಬ. ಜೊತೆಗೆ ಗಡಿಗೆಯಲ್ಲಿ ಅಂಬಲಿ. ಜೋಳದ ಹಿಟ್ಟನ್ನು ನೆನೆಸಿಟ್ಟು ಹುಳಿ ಬರಿಸಿ, ಕುದಿಸಿ, ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕುತ್ತಾರೆ. ಕುದಿಸಿದಾಗ ಹುಳಿ ಬರಿಸಿದ ಜೀವಿಗಳು ಸಾಯುತ್ತವೆ, ನಿಜ. ಆದರೆ ಆಮೇಲೆ ಹಾಕುವ ಮಜ್ಜಿಗೆ ಹೊಸ ಜೀವಿಗಳನ್ನು ತರುತ್ತದೆ. ಆರಿದ ಮೇಲೆಯೇ ಮಜ್ಜಿಗೆ ಎಂಬ ಅಜ್ಜಿಯರ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲವೇನೋ.

ಹಾಗೆಂದು ಅಂಬಲಿಯನ್ನು ಅಮೃತ ಮಾಡಲು ನಾನು ಹೊರಟಿಲ್ಲ. ಯಾವ ಜೀವಿ, ಎಷ್ಟು, ಅದರಿಂದ ಸಾಬೀತಾದ ಲಾಭವೇನು ಎಂದು ಹೇಳಲಾಗದ ಮಜ್ಜಿಗೆಯನ್ನು ವಿಜ್ಞಾನ ಪ್ರೊಬಯಾಟಿಕ್ ಎನ್ನುವುದಿಲ್ಲ. ಅಂಬಲಿಯಲ್ಲಿ ಪಿಷ್ಟವಿದೆ, ಸಕ್ಕರೆ ಕಾಯಿಲೆಯವರು ಅದನ್ನೂ ಊಟದ ಲೆಕ್ಕಕ್ಕೇ ಹಿಡಿಯಬೇಕು. ಡಾಕ್ಟರೂ ಕಾಕಾಗೆ ಅದನ್ನೇ ಹೇಳಿದರು: ಒಂದು ಲೋಟ ಅಂಬಲಿ ಕುಡಿದರೆ ಒಂದು ರೊಟ್ಟಿ ಕಡಿಮೆ. ಉಪ್ಪು ಕಮ್ಮಿ. ಸೋಡಾ ಪೂರ್ತಿ ಬಂದ್.

ಮೊದಲ ವಾರ ಕಾಕಾ ಮುನಿಸಿಕೊಂಡಿದ್ದರು. ತೇಗು ಬರುವುದಿಲ್ಲ ಎಂಬುದೇ ದೂರು. ಕಳೆದ ತಿಂಗಳು ಕಾಕು ಫೋನು ಮಾಡಿ, ತಪಾಸಣೆಯಲ್ಲಿ ಸಕ್ಕರೆ ಕೊಂಚ ಇಳಿದಿದೆ, ಇನ್ಸುಲಿನ್ ಮಾತು ಸದ್ಯಕ್ಕೆ ಮುಂದಕ್ಕೆ ಹೋಗಿದೆ ಎಂದರು. ಖಾಲಿ ಬಾಟಲಿಗಳನ್ನೇನು ಮಾಡಿದಿರಿ ಎಂದು ಕೇಳಿದೆ. ಕಾಕು ಎಸೆದಿಲ್ಲವಂತೆ. ತೊಳೆದು, ಮಜ್ಜಿಗೆ ತುಂಬಿ, ಹೊಲಕ್ಕೆ ಹೋಗುವವರ ಕೈಗೆ ಕೊಟ್ಟು ಕಳಿಸುತ್ತಾರಂತೆ.