ಅಂಗೈ ಮೇಲಿನ ಸಿಗ್ನಲ್ ಕ್ಯಾಬಿನ್

ವಾಡಿ ಜಂಕ್ಷನ್‌ನಲ್ಲಿ ಹೈದರಾಬಾದಿನ ಗಾಡಿ ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಒಂದೊಂದಾಗಿ ಹಿಂದೆ ಸರಿಯುತ್ತವೆ. ಲಿಂಗಂಪಲ್ಲಿ ದಾಟಿದ ಮೇಲೆ ಪಟ್ಟಣದ ಗದ್ದಲ ಶುರು. ಬೇಗಂಪೇಟೆಗೆ ಮೊದಲು ಸಿಗುವ ಸನತ್‌ನಗರದಲ್ಲಿ ದೂರದ ಊರಿನ ಗಾಡಿಗಳು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಹಾಗಾಗಿ ಪ್ರಯಾಣಿಕರಿಗೆ ಅದು ಅಷ್ಟೇನೂ ಪರಿಚಿತವಲ್ಲ. ಗಾಡಿ ನಡೆಸುವವರಿಗೆ ಮಾತ್ರ ಅದು ಮುಖ್ಯವಾದ ಜಾಗ. ಸಿಕಂದರಾಬಾದಿನ ದಟ್ಟಣೆಯನ್ನು ತಪ್ಪಿಸಿ ಮೌಲಾಲಿಗೆ ಹೋಗುವ 22 ಕಿ.ಮೀ. ಹಳಿ ಕವಲೊಡೆಯುವುದು ಇಲ್ಲಿಯೇ. ಈ ಹಳಿ ಜೋಡಿಯಾಗಿ, ವಿದ್ಯುದೀಕರಣಗೊಂಡು, 2024ರ ಮಾರ್ಚ್ 5ರಂದು ಉದ್ಘಾಟನೆಯಾಯಿತು.

ಹಳಿ ಕವಲೊಡೆಯುವಲ್ಲಿ ಗಾಡಿ ಯಾವ ಕಡೆ ಹೋಗಬೇಕೆಂದು ಯಾರಾದರೂ ತಿರುಗಿಸಲೇಬೇಕು. ಆ ಕೆಲಸ ಈಗ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತದೆ. ಹಿಂದಿನ ಕಾಲದಲ್ಲಿ ಅದಕ್ಕಾಗಿ ಹಳಿಯ ಪಕ್ಕದಲ್ಲಿ ಎರಡಂತಸ್ತಿನ ಪುಟ್ಟ ಕಟ್ಟಡವೊಂದು ಇರುತ್ತಿತ್ತು. ಕೆಳಗೆ ದಪ್ಪ ಗೋಡೆ, ಮೇಲೆ ಮೂರು ಕಡೆ ಗಾಜಿನ ಕಿಟಕಿ, ಹೊರಗಡೆ ಒಂದು ಮೆಟ್ಟಿಲು. ಇದೇ ಸಿಗ್ನಲ್ ಕ್ಯಾಬಿನ್. ಮಾದರಿ ರೈಲು ಕಟ್ಟುವ ಹವ್ಯಾಸಿಗಳು ಅಂಗಡಿಯ ಕಿಟ್ ಇಲ್ಲದೆ, ಹಾಳೆ ಕತ್ತರಿಸುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ ಎಲ್ಲವನ್ನೂ ತಾವೇ ಮಾಡಲು ಹೊರಟಾಗ ಮೊದಲು ಕೈ ಹಾಕುವ ಕಟ್ಟಡಗಳಲ್ಲಿ ಇದೂ ಒಂದು. ಚಿಕ್ಕದು, ಚೆಂದದ್ದು, ಮೇಜಿನ ಮೂಲೆಯಲ್ಲಿ ಕೂತು ಮುಗಿಸಬಹುದಾದದ್ದು. ಭಾರತದ ಕ್ಯಾಬಿನ್ ಬೇಕೆಂದರೆ ಕೈಯಾರೆ ಕಟ್ಟಿಕೊಳ್ಳುವುದೇ ನೆಚ್ಚಬಹುದಾದ ದಾರಿ. ವಿದೇಶಿ ಕಂಪನಿಗಳ ಕಿಟ್‌ಗಳಲ್ಲಿ ಇಂಗ್ಲೆಂಡಿನ ಅಥವಾ ಜರ್ಮನಿಯ ಕಟ್ಟಡಗಳು ಸಿಗುತ್ತವೆಯೇ ಹೊರತು ಸೇಡಂನಲ್ಲೋ ತಾಂಡೂರಿನಲ್ಲೋ ಇರಬಹುದಾದಂಥ ಕಟ್ಟಡ ಸಿಗುವುದಿಲ್ಲ.

ಈ ಕಟ್ಟಡದ ಪ್ರತಿಯೊಂದು ಭಾಗಕ್ಕೂ ಕಾರಣವಿದೆ. ಅದು ತಿಳಿಯದೆ ಕಟ್ಟಿದ ಮಾದರಿ ನೋಡಲು ಚೆನ್ನಾಗಿದ್ದರೂ ಒಳಗೆ ಪೊಳ್ಳು. ಮೇಲಿನ ಕೋಣೆಯಲ್ಲಿ ಸಾಲಾಗಿ ಕಬ್ಬಿಣದ ಲಿವರ್‌ಗಳು ನಿಂತಿರುತ್ತವೆ. ಒಂದನ್ನು ಎಳೆದರೆ ದೂರದ ಸಿಗ್ನಲ್ ಕಂಬದ, ಅಂದರೆ ಕೈಮರದ, ತೋಳು ಬಾಗುತ್ತದೆ, ಇನ್ನೊಂದನ್ನು ಎಳೆದರೆ ಹಳಿ ಕವಲೊಡೆಯುವಲ್ಲಿನ ಪಾಯಿಂಟ್ ತಿರುಗುತ್ತದೆ. ಕೈಮರಕ್ಕೆ ತಂತಿ ಹೋಗುತ್ತದೆ, ಪಾಯಿಂಟ್‌ಗೆ ಕಬ್ಬಿಣದ ಸರಳು. ಕ್ಯಾಬಿನ್‌ಮನ್‌ಗೆ ಎರಡೂ ದಿಕ್ಕಿನ ಹಳಿ, ಬರುವ ಗಾಡಿ, ಅದರ ಕೊನೆಯ ಬೋಗಿಯ ಗುರುತು ಕಾಣಬೇಕು. ಎತ್ತರವೂ ಗಾಜೂ ಅದಕ್ಕಾಗಿಯೇ.

ನಿಜವಾದ ಬುದ್ಧಿ ಇರುವುದು ಕೆಳಗಿನ ಕೋಣೆಯಲ್ಲಿ. ಪ್ರತಿ ಲಿವರ್‌ಗೂ ಅಂಟಿಕೊಂಡು ಕಚ್ಚು ಕೊರೆದ ಒಂದು ಉಕ್ಕಿನ ಪಟ್ಟಿ ಇಳಿದಿರುತ್ತದೆ. ಆ ಕಚ್ಚುಗಳೊಳಗೆ ಅಡ್ಡಡ್ಡ ಸರಿದಾಡುವ ತುಂಡುಗಳು ಕೂರುತ್ತವೆ. ಪಾಯಿಂಟ್ ಸರಿಯಾಗಿ ತಿರುಗಿ, ಬೀಗ ಬಿದ್ದಿರದಿದ್ದರೆ ಸಿಗ್ನಲ್‌ನ ಲಿವರ್ ಅಲುಗುವುದಿಲ್ಲ. ಎದುರುಬದುರು ಬರುವ ಎರಡು ಗಾಡಿಗಳಿಗೆ ಒಟ್ಟಿಗೆ ದಾರಿ ಬಿಡಲು ಎಂಥ ಬಲಶಾಲಿಯಿಂದಲೂ ಆಗದು. ಪಾಯಿಂಟ್‌ಗಳನ್ನೂ ಸಿಗ್ನಲ್‌ಗಳನ್ನೂ ಒಟ್ಟಿಗೆ ನಡೆಸುವ ವಿಧಾನಕ್ಕೆ ಜಾನ್ ಸ್ಯಾಕ್ಸ್‌ಬಿ ಇಂಗ್ಲೆಂಡಿನಲ್ಲಿ 1856ರಲ್ಲಿ ಪೇಟೆಂಟ್ ಪಡೆದರು. ಅವರ ಸ್ಯಾಕ್ಸ್‌ಬಿ ಅಂಡ್ ಫಾರ್ಮರ್ ಕಂಪನಿ ಮುಂದೆ ಕಲ್ಕತ್ತೆಯಲ್ಲೂ ನೆಲೆಯೂರಿತು. ಮರೆತೋ ದಣಿದೋ ಮನುಷ್ಯ ತಪ್ಪು ಮಾಡಬಹುದು ಎಂದು ಮೊದಲೇ ಒಪ್ಪಿಕೊಂಡು, ಆ ತಪ್ಪು ಅಪಘಾತವಾಗದಂತೆ ಲೋಹದಲ್ಲಿ ಕಟ್ಟಿಟ್ಟ ವ್ಯವಸ್ಥೆ ಇದು. ಅದರ ಬೆಲೆ ಎಷ್ಟೆಂದು 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರ್‌ನಲ್ಲಿ ದೇಶ ಕಂಡಿತು. ಅಲ್ಲಿ ಸಿಗ್ನಲ್ ವೈರಿಂಗ್‌ನಲ್ಲಿ ನಡೆದ ತಪ್ಪು ನೂರಾರು ಜೀವಗಳನ್ನು ಬಲಿ ತೆಗೆದುಕೊಂಡಿತು.

ವಾಡಿಯಿಂದ ಸನತ್‌ನಗರದ ಕಡೆಗೆ ಸಾಗುವ ಈ ಹಳಿಗೂ ಸಿಗ್ನಲ್ ವಿದ್ಯೆಗೂ ಹತ್ತಿರದ ನಂಟಿದೆ. ನಿಜಾಮರ ಹಣದಿಂದ ಹಾಕಿದ ವಾಡಿ–ಸಿಕಂದರಾಬಾದ್ ಮಾರ್ಗ ತೆರೆದದ್ದು 1874ರಲ್ಲಿ. ಸಿಗ್ನಲ್ ಎಂಜಿನಿಯರುಗಳಿಗೆ ತರಬೇತಿ ಕೊಡುವ ಭಾರತೀಯ ರೈಲ್ವೆಯ ಸಂಸ್ಥೆ ‘ಇರಿಸೆಟ್’ 1957ರ ನವೆಂಬರ್ 24ರಿಂದ ಸಿಕಂದರಾಬಾದಿನಲ್ಲಿದೆ. ಗಾಡಿಗಳ ಡಿಕ್ಕಿ ತಪ್ಪಿಸುವ ‘ಕವಚ್’ ವ್ಯವಸ್ಥೆಯನ್ನು ಪರೀಕ್ಷಿಸಿ ಹದಗೊಳಿಸಿದ್ದೂ ವಾಡಿ–ವಿಕಾರಾಬಾದ್–ಸನತ್‌ನಗರ ಮತ್ತು ವಿಕಾರಾಬಾದ್–ಬೀದರ್ ಹಳಿಗಳ ಮೇಲೆಯೇ. 2022ರ ಮಾರ್ಚ್ 4ರಂದು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಗುಲ್ಲಗುಡ ಮತ್ತು ಚಿಟಗಿದ್ದ ನಿಲ್ದಾಣಗಳ ನಡುವೆ ಎಂಜಿನ್ನೊಂದರಲ್ಲಿ ಕುಳಿತಿದ್ದರು. ಅದೇ ಹಳಿಯ ಮೇಲೆ ಎದುರಿಗೆ ಇನ್ನೊಂದು ಎಂಜಿನ್. ಬ್ರೇಕು ತಾನಾಗಿಯೇ ಬಿದ್ದು, ಅದಕ್ಕೆ 380 ಮೀಟರ್ ದೂರವಿರುವಾಗಲೇ ಅವರ ಎಂಜಿನ್ ನಿಂತಿತು. ಕೈಮರ, ತಂತಿ, ಲಿವರ್‌ಗಳಿಂದ ರೇಡಿಯೊ ಅಲೆಗಳವರೆಗಿನ ಪಯಣವನ್ನು ಕರ್ನಾಟಕದ ಅಂಚಿನ ಈ ಊರುಗಳ ಸುತ್ತಮುತ್ತಲೇ ಓದಬಹುದು.

ಆದರೆ ಈ ಪಯಣದ ಮೊದಲ ಅಧ್ಯಾಯ ಬೇಗ ಅಳಿಸಿಹೋಗುತ್ತಿದೆ. ಬಣ್ಣದ ದೀಪದ ಸಿಗ್ನಲ್ ಬಂದು ಸ್ಟೇಷನ್ ಮಾಸ್ಟರ್ ಕೋಣೆಯಲ್ಲಿ ಪ್ಯಾನೆಲ್ ಕೂತ ಮೇಲೆ ಕ್ಯಾಬಿನ್‌ಗೆ ಕೆಲಸವಿಲ್ಲ. ಲಿವರ್‌ಗಳು ಗುಜರಿ ಸೇರುತ್ತವೆ, ಕಟ್ಟಡ ಒಂದಷ್ಟು ವರ್ಷ ಸಾಮಾನು ತುಂಬುವ ಕೋಣೆಯಾಗಿರುತ್ತದೆ, ಇನ್ನೊಂದು ಹಳಿ ಹಾಕುವ ದಿನ ನೆಲಸಮವಾಗುತ್ತದೆ. ಉಗಿ ಎಂಜಿನ್‌ಗೆ ವಸ್ತುಸಂಗ್ರಹಾಲಯದಲ್ಲಿ ಜಾಗ ಸಿಗುತ್ತದೆ. 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಎಂಜಿನ್‌ಗಳ ಜೊತೆಗೆ ಹಳೆಯ ಸಿಗ್ನಲ್, ದೀಪಗಳೂ ಇವೆ. ಎರಡಂತಸ್ತಿನ ಇಟ್ಟಿಗೆಯ ಕಟ್ಟಡವನ್ನು ಹಾಗೆ ಎತ್ತಿಕೊಂಡು ಹೋಗಿ ಇಡಲಾಗದು. ಅದಕ್ಕೇ ಅಳತೆ ಹಿಡಿದು ಕಟ್ಟಿದ ಮಾದರಿಗೆ ಆಟಿಕೆಗಿಂತ ಹೆಚ್ಚಿನ ತೂಕವಿದೆ. ಇಂಗ್ಲೆಂಡಿನ ಪೆಂಡನ್ ವಸ್ತುಸಂಗ್ರಹಾಲಯ ಹುಟ್ಟಿದ್ದು ಇದೇ ಕಳವಳದಿಂದ. ಆಸ್ಟ್ರೇಲಿಯದಿಂದ 1925ರಲ್ಲಿ ಆ ದೇಶಕ್ಕೆ ಬಂದ ರಾಯ್ ಇಂಗ್ಲೆಂಡ್ ಎಂಬ ಯುವಕ, ಹಳ್ಳಿಯ ಹುಲ್ಲುಮಾಡಿನ ಮನೆಗಳು ಕಣ್ಣೆದುರೇ ರೂಪ ಕಳೆದುಕೊಳ್ಳುತ್ತಿರುವುದನ್ನು ನೋಡಲಾಗದೆ ಅವುಗಳನ್ನು ರಟ್ಟಿನಲ್ಲಿ ಕಟ್ಟಿಡತೊಡಗಿದರು. ಮ್ಯಾಂಚೆಸ್ಟರ್‌ನ ವಿಕ್ಟೋರಿಯಾ ನಿಲ್ದಾಣದಲ್ಲಿ ಸಿಗ್ನಲ್ ಸಿಬ್ಬಂದಿಗೆ ಪಾಠ ಹೇಳಲೆಂದೇ 1912ರಲ್ಲಿ ಕಟ್ಟಿದ ಮಾದರಿ ರೈಲು ಈಗ ಯಾರ್ಕ್‌ನ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದ ಸೊತ್ತು. ನಮ್ಮಲ್ಲಿ ಪುಣೆಯ ಜೋಶಿ ಪುಟಾಣಿ ರೈಲು ವಸ್ತುಸಂಗ್ರಹಾಲಯ 1998ರಿಂದ ಈ ಕಲೆಯನ್ನು ಜನರ ಮುಂದಿಟ್ಟಿದೆ.

ಇನ್ನು ಕಟ್ಟುವ ವಿಚಾರ. ಮೊದಲು ತೀರ್ಮಾನವಾಗಬೇಕಾದ್ದು ಪ್ರಮಾಣ. ಎಚ್‌ಓ ಎಂದು ಕರೆಯುವ 1:87 ಪ್ರಮಾಣ ಜಗತ್ತಿನಲ್ಲಿ ಹೆಚ್ಚು ಜನಪ್ರಿಯ. ಅದಕ್ಕೆಂದು ಮಾರುವ ಹಳಿಯ ಅಗಲ 16.5 ಮಿ.ಮೀ. ಅದು ಯುರೋಪಿನ 1435 ಮಿ.ಮೀ. ಹಳಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅಂದರೆ 1:87ರಲ್ಲಿ 19.3 ಮಿ.ಮೀ. ಆಗಬೇಕು. ಅಂಗಡಿಯ ಹಳಿಯನ್ನೇ ಬಳಸುವವರಿಗೆ 1:100 ಪ್ರಮಾಣ ಹೆಚ್ಚು ಒಪ್ಪುತ್ತದೆ. ಅಲ್ಲಿ ಬ್ರಾಡ್‌ಗೇಜ್ 16.76 ಮಿ.ಮೀ. ಆಗುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಲೆಕ್ಕಗಳು 1:87ಕ್ಕೆ. 6 ಮೀಟರ್ ಉದ್ದ, 3.6 ಮೀಟರ್ ಅಗಲದ ಕ್ಯಾಬಿನ್ ಇದರಲ್ಲಿ 69 ಮಿ.ಮೀ. ಉದ್ದ, 41 ಮಿ.ಮೀ. ಅಗಲಕ್ಕೆ ಇಳಿಯುತ್ತದೆ. ಅಂಗೈ ಮೇಲೆ ಆರಾಮಾಗಿ ಕೂರುವಷ್ಟು.

ಅಳತೆ ಹಿಡಿಯುವುದು ಹೇಗೆ? ಟೇಪು ಹಿಡಿದು ಹಳಿಗಿಳಿಯುವಂತಿಲ್ಲ. ಅದು ಅಪಾಯ, ಮೇಲಾಗಿ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಅನುಮತಿ ಪಡೆದು ಪ್ಲಾಟ್‌ಫಾರ್ಮಿನಿಂದ ತೆಗೆದ ನೇರ ಚಿತ್ರವೊಂದಿದ್ದರೆ ಸಾಕು, ಇಟ್ಟಿಗೆ ಎಣಿಸಿದರಾಯಿತು. ಹಳೆಯ ಕಟ್ಟಡಗಳ ಇಟ್ಟಿಗೆ ಗಾರೆಯೂ ಸೇರಿ 9 ಅಂಗುಲ ಉದ್ದ, 3 ಅಂಗುಲ ದಪ್ಪ, ಅಂದರೆ ನಾಲ್ಕು ವರಸೆಗೆ ಒಂದು ಅಡಿ. ನೆಲದಿಂದ ಕಿಟಕಿಯ ಕೆಳಗಿನವರೆಗೆ 40 ವರಸೆ ಇದ್ದರೆ ಎತ್ತರ 10 ಅಡಿ. ಬಾಗಿಲು, ಕಮಾನು, ಮೆಟ್ಟಿಲು ಎಲ್ಲದರ ಅಳತೆಯೂ ಹೀಗೆಯೇ ಸಿಗುತ್ತದೆ. ಹೊಸ ಮಾಡ್ಯುಲರ್ ಇಟ್ಟಿಗೆಯಾದರೆ ಹತ್ತು ವರಸೆಗೆ ಒಂದು ಮೀಟರ್.

ಸಾಮಗ್ರಿಗೆ ಪರದಾಡಬೇಕಿಲ್ಲ. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆಂದು ಮಾರುವ ಮೌಂಟ್ ಬೋರ್ಡ್, ಸನ್‌ಬೋರ್ಡ್, ಪಾಲಿಸ್ಟೈರೀನ್ ಹಾಳೆ, ಉಕ್ಕಿನ ಸ್ಕೇಲು, ಹರಿತವಾದ ಬ್ಲೇಡು ಸಾಕು. ಮೊದಲು ಹಳೆಯ ಮದುವೆ ಪತ್ರಿಕೆಯ ರಟ್ಟಿನಲ್ಲೊಂದು ಕರಡು ಕಟ್ಟಿ ನೋಡುವುದು ಜಾಣತನ. ಚಿತ್ರದಲ್ಲಿ ಕಾಣದ ತಪ್ಪು ಮೂರು ಆಯಾಮದಲ್ಲಿ ತಕ್ಷಣ ಎದ್ದು ಕಾಣುತ್ತದೆ. ಗೋಡೆಗೆ 1 ಮಿ.ಮೀ. ಹಾಳೆ ಹಿಡಿಸುತ್ತದೆ. ಇಟ್ಟಿಗೆಯ ಗೆರೆಗಳನ್ನು ಸೂಜಿಮೊನೆಯಿಂದ ಕೊರೆಯಬೇಕು. ಒಂದು ಇಟ್ಟಿಗೆ 2.6 ಮಿ.ಮೀ. ಉದ್ದ, 0.9 ಮಿ.ಮೀ. ದಪ್ಪ ಬರುತ್ತದೆ. ತಾಳ್ಮೆ ಬೇಡುವ ಕೆಲಸವಾದರೂ ಒಂದು ಗೋಡೆ ಮುಗಿಯುವಷ್ಟರಲ್ಲಿ ಕೈ ಪಳಗುತ್ತದೆ.

ನಮ್ಮ ಹವೆಗೆ ಎರಡು ಎಚ್ಚರ ಬೇಕು. ರಟ್ಟಿಗೆ ಒಂದೇ ಬದಿಗೆ ಫೆವಿಕಾಲ್ ಅಥವಾ ಬಣ್ಣ ಬಳಿದರೆ ಅದು ಬಾಗುತ್ತದೆ, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು. ಎರಡೂ ಬದಿಗೆ ವಾರ್ನಿಷ್ ಹೊಡೆದು, ಒಳಮೂಲೆಗಳಿಗೆ ಆಧಾರ ಕೊಡಬೇಕು. ಸ್ಟೈರೀನ್ ಆದರೆ ಅಂಟಿಸುವ ದ್ರಾವಕದ ಆವಿ ಒಳಗೇ ಉಳಿಯಬಾರದು. ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಆವಿ ತಿಂಗಳುಗಳ ನಂತರ ಗೋಡೆಯನ್ನು ಒಳಕ್ಕೆ ಎಳೆದುಬಿಡುತ್ತದೆ. ನೆಲದಲ್ಲಿ ಒಂದೆರಡು ರಂಧ್ರ ಬಿಟ್ಟರೆ ಈ ತೊಂದರೆ ಇಲ್ಲ.

ಸೂರಿನ ವಿಷಯಕ್ಕೆ ಬಂದರೆ ಸನತ್‌ನಗರ ತಾನಾಗಿಯೇ ಮುಂದೆ ಬರುತ್ತದೆ. ಕರಾವಳಿ, ಮಲೆನಾಡಿನ ಹಳೆಯ ನಿಲ್ದಾಣವಾದರೆ ಮಂಗಳೂರು ಹೆಂಚು ಸರಿ. ದಖ್ಖನಿನ ಬಯಲಿನಲ್ಲಿ ಸಿಮೆಂಟಿನ ಸುಕ್ಕುಶೀಟು ಒಪ್ಪುತ್ತದೆ. 1946ರಲ್ಲಿ ಹುಟ್ಟಿದ ಹೈದರಾಬಾದ್ ಆಸ್ಬೆಸ್ಟಾಸ್ ಸಿಮೆಂಟ್ ಪ್ರಾಡಕ್ಟ್ಸ್ ಕಂಪನಿಯ ಸನತ್‌ನಗರದ ಕಾರ್ಖಾನೆಯಿಂದ ಬಂದ ‘ಚಾರ್‌ಮಿನಾರ್’ ಶೀಟು ಈ ಸೀಮೆಯ ಎಷ್ಟೋ ಗೋದಾಮು, ಶೆಡ್ಡು, ಮನೆಗಳ ಮೇಲೆ ಕೂತಿದೆ. ಆ ಬಗೆಯ ಶೀಟಿನ ಒಂದು ಸುಕ್ಕಿನಿಂದ ಇನ್ನೊಂದಕ್ಕೆ ಇರುವ ಅಂತರ 146 ಮಿ.ಮೀ. ಮಾದರಿಯಲ್ಲಿ ಅದು ಸುಮಾರು 1.7 ಮಿ.ಮೀ. ಇಷ್ಟು ಸಣ್ಣ ಸುಕ್ಕು ಮೂಡಿಸಲು ಹಾರ್ಡ್‌ವೇರ್ ಅಂಗಡಿಯ 12 ಮಿ.ಮೀ. ಥ್ರೆಡ್ ರಾಡ್ ಸಾಕು, ಅದರ ಮರೆ 1.75 ಮಿ.ಮೀ.ಗೊಂದು ಬರುತ್ತದೆ. ದಪ್ಪನೆಯ ಅಲ್ಯೂಮಿನಿಯಂ ಫಾಯಿಲನ್ನು ಮೆತ್ತಗಿನ ರಬ್ಬರ್ ಹಾಳೆಯ ಮೇಲೆ ಹಾಸಿ ರಾಡನ್ನು ಒತ್ತಿ ಉರುಳಿಸಿದರೆ ಒಪ್ಪವಾದ ಸುಕ್ಕುಗಳು ಏಳುತ್ತವೆ. ಮರೆ ಸುರುಳಿಯಾಗಿ ಸುತ್ತಿರುವುದರಿಂದ ಗೆರೆಗಳು ಸುಮಾರು 3 ಡಿಗ್ರಿ ಓರೆಯಾಗುತ್ತವೆ. ಹಾಗಾಗಿ ಫಾಯಿಲಿನ ಅಂಚು ನೋಡದೆ, ಸುಕ್ಕಿನ ಜಾಡು ಹಿಡಿದು ಕತ್ತರಿಸಬೇಕು. ಒಂದೇ ಹಾಳೆಯಾಗಿ ಹೊದಿಸಬಾರದು. 12 ಮಿ.ಮೀ. ಅಗಲದ ತುಂಡುಗಳನ್ನು ಒಂದರ ಮೇಲೊಂದು ಒಂದು ಸುಕ್ಕಿನಷ್ಟು ಹತ್ತಿಸಿ ಅಂಟಿಸಿದಾಗಲೇ ಅದು ನಿಜವಾದ ಸೂರು. ಬೂದು ಬಣ್ಣದ ಮೇಲೆ ಸುಕ್ಕಿನ ತಗ್ಗಿಗೆ ತೆಳ್ಳನೆಯ ಕಪ್ಪು ಹರಿಸಿದರೆ ಹತ್ತಿಪ್ಪತ್ತು ಮಳೆ ಕಂಡ ಶೀಟು ತಯಾರು. ಹಳೆಯ ಆಸ್ಬೆಸ್ಟಾಸ್ ಶೀಟಿನ ಚೂರನ್ನು ಮಾತ್ರ ಯಾರೂ ತಂದು ಕೊರೆಯಬಾರದು, ಅದರ ದೂಳು ಶ್ವಾಸಕೋಶಕ್ಕೆ ವಿಷ.

ಕಿಟಕಿಗಳಲ್ಲೇ ಹೆಚ್ಚಿನವರು ಸೋಲುವುದು. ಪಟ್ಟಿಗಳು ದಪ್ಪವಾದರೆ ಇಡೀ ಕ್ಯಾಬಿನ್ ಪಂಜರದಂತೆ ಕಾಣುತ್ತದೆ. ಪಾರದರ್ಶಕ ಹಾಳೆಯ ಮೇಲೆ ಗೆರೆ ಕೊರೆದು, ಬಣ್ಣ ತುಂಬಿ, ಮೇಲ್ಮೈಯನ್ನು ಒರೆಸುವ ಹಳೆಯ ಉಪಾಯವೇ ಒಳ್ಳೆಯದು. ಗೆರೆಯೊಳಗೆ ಮಾತ್ರ ಬಣ್ಣ ಉಳಿಯುತ್ತದೆ.

ಗಾಜು ಹೆಚ್ಚಿರುವ ಕಟ್ಟಡವಾದ್ದರಿಂದ ಒಳಗಿನದೆಲ್ಲ ಕಾಣುತ್ತದೆ, ಖಾಲಿ ಬಿಡುವಂತಿಲ್ಲ. ನೆಲಕ್ಕೆ ಬೂದುನೀಲಿ ಬಣ್ಣದ ಚೌಕಗಳು, ಇದು ಶಹಾಬಾದ್ ಮತ್ತು ತಾಂಡೂರಿನ ಕಲ್ಲುಹಾಸಿನ ಸೀಮೆ. ಹಿಂಗೋಡೆಗೆ ಗಡಿಯಾರ, ಹಳಿಗಳ ನಕ್ಷೆ, ಗಾಡಿ ಬಿಡಲು ಪಕ್ಕದ ನಿಲ್ದಾಣದ ಒಪ್ಪಿಗೆ ಪಡೆಯುವ ಬ್ಲಾಕ್ ಉಪಕರಣದ ಪೆಟ್ಟಿಗೆ. ಲಿವರ್‌ಗಳನ್ನು ಅರ್ಧ ಮಿ.ಮೀ. ತಂತಿಯಲ್ಲಿ 12ರಿಂದ 14 ಮಿ.ಮೀ. ಎತ್ತರಕ್ಕೆ ಕತ್ತರಿಸಿ ಒಂದೇ ಸಾಲಿನಲ್ಲಿ ನೆಡಬೇಕು. ಬಣ್ಣಗಳಿಗೆ ನಿಯಮವಿದೆ: ಗಾಡಿ ನಿಲ್ಲಿಸುವ ಸಿಗ್ನಲ್‌ಗೆ ಕೆಂಪು, ಪಾಯಿಂಟ್‌ಗೆ ಕಪ್ಪು, ಪಾಯಿಂಟಿನ ಬೀಗಕ್ಕೆ ನೀಲಿ, ಗೇಟಿಗೆ ಕಂದು, ಬಳಕೆಯಲ್ಲಿಲ್ಲದ್ದಕ್ಕೆ ಬಿಳಿ. ಕೆಂಪು ಲಿವರೊಂದು ಎಳೆದ ಸ್ಥಿತಿಯಲ್ಲಿದ್ದರೆ ಆ ದಾರಿಯ ಬೀಗವೂ ಬಿದ್ದಿರಬೇಕು, ಹೊರಗಿನ ಕೈಮರದ ತೋಳು ಅದಕ್ಕೆ ತಕ್ಕಂತೆ ಇರಬೇಕು. ಹಳೆಯ ಕ್ಯಾಬಿನ್‌ಮನ್ ಒಬ್ಬರು ನೋಡಲು ಬಂದರೆ ಮೊದಲು ಕಣ್ಣಾಡಿಸುವುದು ಅಲ್ಲಿಗೇ.

ಬಹಳ ಜನ ಕ್ಯಾಬಿನ್ ಮುಗಿಸಿ ಹಳಿಯ ಪಕ್ಕ ಇಟ್ಟು ಎದ್ದುಬಿಡುತ್ತಾರೆ. ಹಾಗಿಟ್ಟ ಕ್ಯಾಬಿನ್ ಯಾವ ಪಾಯಿಂಟನ್ನೂ ತಿರುಗಿಸಲಾರದು. ಮುಂಗೋಡೆಯ ಬುಡದಲ್ಲಿ ಅಗಲವಾದ ಕಿಂಡಿ ಬಿಡಬೇಕು, ಅಲ್ಲಿಂದ ಸರಳು ಮತ್ತು ತಂತಿ ಹೊರಬಂದು ಮೂಲೆತಿರುವಿನ ಕ್ರ್ಯಾಂಕ್‌ಗಳ ಮೂಲಕ ಹಳಿಯುದ್ದಕ್ಕೂ ಹರಿಯಬೇಕು. ಬೇಸಿಗೆಯ ಕಾವಿಗೆ ಉಕ್ಕು ಹಿಗ್ಗುವುದರಿಂದ ನಿಜವಾದ ಸರಳುಗಳ ನಡುವೆ ಆ ಹಿಗ್ಗನ್ನು ನುಂಗುವ ಕಾಂಪೆನ್ಸೇಟರ್ ಇರುತ್ತದೆ. ಮಾದರಿಯಲ್ಲಿ ಅದನ್ನು ಎರಡು ಪುಟ್ಟ ಎಲ್ ಆಕಾರದ ತುಂಡುಗಳಲ್ಲಿ ತೋರಿಸಬಹುದು. ಕಡೆಗೆ ಹೆಸರಿನ ಫಲಕ. ಸೇಡಂ ಅಥವಾ ಚಿತ್ತಾಪುರದ ಕ್ಯಾಬಿನ್ ಆದರೆ ಕನ್ನಡ, ಹಿಂದಿ, ಇಂಗ್ಲಿಷ್ ಬರೆಯಬೇಕು. ಸನತ್‌ನಗರದ್ದಾದರೆ ತೆಲುಗು, ಹಿಂದಿ, ಇಂಗ್ಲಿಷಿನ ಜೊತೆಗೆ ಉರ್ದುವಿಗೂ ಜಾಗ ಬಿಟ್ಟುಕೊಂಡೇ ಫಲಕದ ಉದ್ದವನ್ನು ಅಳೆಯಬೇಕು.