ಅವನು ಕುಡಿದಿದ್ದಕ್ಕೆ ನನ್ನ ಟ್ಯಾಕ್ಸ್ ಯಾಕೆ? ಆರೋಗ್ಯ ಕಾರ್ಡಿನ ಲೆಕ್ಕ

ಆಯುಷ್ಮಾನ್ ಕಾರ್ಡ್ ಬಗ್ಗೆ ಮಾಡಿದ ಸಂಚಿಕೆಗೆ ತುಂಬಾ ಮೆಸೇಜ್ ಬಂದಿವೆ. ಹೆಚ್ಚಿನವು ಕಾರ್ಡ್ ಎಲ್ಲಿ ಮಾಡಿಸ್ಬೇಕು ಅನ್ನೋದು. ಆದರೆ ದಾವಣಗೆರೆಯ ಒಬ್ಬ ಕೇಳುಗರ ವಾಯ್ಸ್ ನೋಟ್ ಬೇರೆ ಥರ ಇತ್ತು. "ಅಕ್ಕಾ, ನಾನು ಕುಡಿಯಲ್ಲ, ಸೇದಲ್ಲ, ಗುಟ್ಕಾ ಮುಟ್ಟಿಲ್ಲ. ಅಂಗಡಿ ಇಟ್ಕೊಂಡಿದೀನಿ, ಜಿಎಸ್‌ಟಿ ಕಟ್ತೀನಿ. 20 ವರ್ಷ ಕುಡಿದು ಲಿವರ್ ಹಾಳು ಮಾಡ್ಕೊಂಡವನಿಗೆ ಸರ್ಕಾರ 5 ಲಕ್ಷ ಕೊಡುತ್ತೆ. ನಾನು ಎಪಿಎಲ್, ನನಗೆ 30 ಪರ್ಸೆಂಟ್. ಇದ್ಯಾವ ನ್ಯಾಯ?"

ಈ ಸಿಟ್ಟನ್ನ ತಳ್ಳಿಹಾಕೋಕೆ ಆಗಲ್ಲ. ಬಸ್ಸಲ್ಲಿ, ಬ್ಯಾಂಕ್ ಕ್ಯೂನಲ್ಲಿ, ನಮ್ಮನೆ ಊಟದ ಹೊತ್ತಲ್ಲೂ ಇದೇ ಮಾತು ಕೇಳಿದೀನಿ. ತಾನಾಗಿ ತಂದುಕೊಂಡ ಕಾಯಿಲೆಗೆ ಊರಿನ ದುಡ್ಡಲ್ಲಿ ಚಿಕಿತ್ಸೆ ಯಾಕೆ? ಇವತ್ತು ಇದೊಂದೇ ಪ್ರಶ್ನೆ ತಗೊಳ್ಳೋಣ.

ಯೋಜನೆ ಬಗ್ಗೆ ಮೊದಲು ಎರಡು ಮಾತು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆರೋಗ್ಯ ಕರ್ನಾಟಕ ಶುರು ಮಾಡ್ತು. ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಅಂದರೆ 5 ಲಕ್ಷ ಯಾರ ಕೈಗೂ ಬರಲ್ಲ, ಅದು ಗರಿಷ್ಠ ಮಿತಿ. ಇದನ್ನ ನಡೆಸೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಆಸ್ಪತ್ರೆ ಚಿಕಿತ್ಸೆ ಕೊಟ್ಟು ಬಿಲ್ ಕಳಿಸುತ್ತೆ, ಟ್ರಸ್ಟ್ ನಿಗದಿಯಾದ ದರದಲ್ಲಿ ದುಡ್ಡು ಹಾಕುತ್ತೆ. ನಡುವೆ ಇನ್ಶೂರೆನ್ಸ್ ಕಂಪನಿ ಇಲ್ಲ, ಕಾರ್ಡ್ ಇರೋರು ಪ್ರೀಮಿಯಂ ಕಟ್ಟಲ್ಲ.

ಖಾಸಗಿ ಇನ್ಶೂರೆನ್ಸ್ ಈ ಪ್ರಶ್ನೆಗೆ ಯಾವತ್ತೋ ಉತ್ತರ ಕೊಟ್ಟಾಗಿದೆ. ಟರ್ಮ್ ಪಾಲಿಸಿ ಮಾಡಿಸುವಾಗ ತಂಬಾಕು ಬಳಸ್ತೀರಾ ಅಂತ ಕೇಳ್ತಾರೆ. ಹೌದು ಅಂದರೆ ಪ್ರೀಮಿಯಂ ಏರುತ್ತೆ. ಹೆಲ್ತ್ ಪಾಲಿಸಿಗಳಲ್ಲಿ 2019ರಲ್ಲಿ ವಿಮಾ ನಿಯಂತ್ರಕರು ಹೊರಗಿಡಬಹುದಾದ ವಿಷಯಗಳಿಗೆ ಒಂದು ಸಾಮಾನ್ಯ ಪಟ್ಟಿ ಮಾಡಿದರು. ಮದ್ಯಪಾನದ ಚಟ, ಮಾದಕ ವಸ್ತು, ಅವುಗಳ ಪರಿಣಾಮ ಎಲ್ಲಾ ಅದರಲ್ಲಿವೆ. ಬಿ.ಕಾಂ.ನಲ್ಲಿ ಇನ್ಶೂರೆನ್ಸ್ ಪೇಪರ್ ಓದಿದವರಿಗೆ ‘ಮಾರಲ್ ಹಝಾರ್ಡ್’ ಅನ್ನೋ ಪದ ನೆನಪಿರಬಹುದು. ನಷ್ಟ ಬೇರೆಯವರು ತುಂಬ್ತಾರೆ ಅಂತ ಗೊತ್ತಿದ್ದರೆ ಮನುಷ್ಯ ಹುಷಾರು ತಪ್ತಾನೆ ಅಂತ. ಕಾರಿನ ಸ್ಕ್ರ್ಯಾಚ್ ವಿಷಯದಲ್ಲಿ ನಾನು ಇದನ್ನ ನಂಬ್ತೀನಿ. ಆದರೆ ಕಾರ್ಡ್ ಇದೆಯಲ್ಲ, ಬಾಯಿ ಕ್ಯಾನ್ಸರ್ ಬಂದರೆ ಆಪರೇಷನ್ ಫ್ರೀ ಅಂತ ಲೆಕ್ಕ ಹಾಕಿ ಯಾರೂ ಗುಟ್ಕಾ ಹರಿಯಲ್ಲ.

ಈಗ ಜಿಎಸ್‌ಟಿ ಕಟ್ಟೋರ ದೂರಿಗೆ ಬರ್ತೀನಿ. 2024–25ರ ರಾಜ್ಯ ಬಜೆಟ್ ತೆಗೆದು ನೋಡಿ. ಅಬಕಾರಿ ಇಲಾಖೆಗೆ ಕೊಟ್ಟ ಟಾರ್ಗೆಟ್ 38,525 ಕೋಟಿ ರೂಪಾಯಿ. ಅದೇ ಬಜೆಟ್‌ನಲ್ಲಿ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣಕ್ಕೆ ಇಟ್ಟಿದ್ದು 15,145 ಕೋಟಿ. ಕುಡಿಯೋರಿಂದ ಬರಬೇಕು ಅಂತ ಸರ್ಕಾರ ಬರೆದಿಟ್ಟ ದುಡ್ಡು, ಎಲ್ಲರ ಆರೋಗ್ಯಕ್ಕೆ ಇಟ್ಟ ದುಡ್ಡಿನ ಎರಡೂವರೆ ಪಟ್ಟು! ‘ಟಾರ್ಗೆಟ್’ ಅನ್ನೋ ಪದಾನೇ ಗಮನಿಸಿ. ಸೇಲ್ಸ್ ಮ್ಯಾನೇಜರ್‌ಗೆ ಕೊಡೋ ಥರ.

ಇನ್ನೂ ಒಂದಿದೆ. 2003ರಿಂದ ಈ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. 2007ರಲ್ಲಿ ಸಾರಾಯಿ ನಿಷೇಧ ಆದಮೇಲೆ ಹಳ್ಳಿಯ ಕೂಲಿಯವರೂ ತೆರಿಗೆ ಕಟ್ಟಿದ ಬಾಟ್ಲಿ, ಪ್ಯಾಕೆಟ್‌ಗೇ ಬಂದರು. ಹಾಗಾಗಿ ದಿನಾ ಒಂದು ಕ್ವಾರ್ಟರ್ ತಗೊಳ್ಳೋ ಕೂಲಿಯಾಳು ತೆರಿಗೆ ಕಟ್ಟದವನಲ್ಲ. ತನ್ನ ಆದಾಯದ ಪಾಲಿನಲ್ಲಿ ನೋಡಿದರೆ ನಮಗಿಂತ ಜಾಸ್ತಿಯೇ ಕಟ್ತಿರಬಹುದು. ಆಸ್ಪತ್ರೆಯಲ್ಲಿ ಕಟ್ಟದ ಪ್ರೀಮಿಯಂನ್ನ ಅವನು 20 ವರ್ಷದಿಂದ ವೈನ್ ಶಾಪ್ ಕೌಂಟರ್‌ನಲ್ಲಿ ಕಟ್ಕೊಂಡೇ ಬಂದಿದಾನೆ. ಮಾರುವಾಗ ಗಿರಾಕಿ, ಮಲಗಿದಾಗ ಪಾಪಿ ಅನ್ನೋ ಹಾಗಿಲ್ಲ.

ಆದರೆ ಈ ವಾದವನ್ನ ತುಂಬಾ ದೂರ ಎಳೆಯೋಕೂ ನನಗೆ ಇಷ್ಟ ಇಲ್ಲ. ಅಬಕಾರಿ ದುಡ್ಡು ಆರೋಗ್ಯಕ್ಕೆ ಅಂತ ಮೀಸಲಿಟ್ಟ ಡಬ್ಬಿ ಅಲ್ಲ, ಎಲ್ಲಾ ಒಂದೇ ಖಜಾನೆಗೆ ಹೋಗುತ್ತೆ. ಕುಡಿತದ ಖರ್ಚು ಆಸ್ಪತ್ರೆ ಬಿಲ್ ಒಂದೇ ಅಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕು ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದಿದ್ದು ನೆನಪಿದೆಯಾ? ಅವರ ಮನೆಯ ನಷ್ಟ ಯಾವ ಬಜೆಟ್‌ನಲ್ಲೂ ಇಲ್ಲ. ‘ಕಟ್ಟಿದಾನೆ, ಅದಕ್ಕೆ ಹಕ್ಕಿದೆ’ ಅಂದರೆ, ಏನೂ ಕಟ್ಟದ ಅವನ ಹೆಂಡತಿಗೆ ಹಕ್ಕು ಕಡಿಮೆ ಅಂದಹಾಗೆ ಆಗುತ್ತೆ. ಅಬಕಾರಿ ಲೆಕ್ಕ ‘ನನ್ನ ದುಡ್ಡು’ ಅನ್ನೋ ದೂರಿಗೆ ಮಾತ್ರ ಉತ್ತರ. ಚಿಕಿತ್ಸೆ ಯಾಕೆ ಕೊಡಬೇಕು ಅನ್ನೋದಕ್ಕೆ ಬೇರೆ ಕಾರಣ ಬೇಕು.

ನನ್ನ ಕಾರಣ ಇದು: ಯಾವುದು ‘ತಾನಾಗಿ ತಂದುಕೊಂಡಿದ್ದು’ ಅಂತ ಬೇರೆ ಮಾಡೋಕೆ ಆಗಲ್ಲ. ಪ್ರಯತ್ನ ಪಟ್ಟರೆ ಬಡವರ ಮೇಲೇ ಬೀಳುತ್ತೆ.

ಬಾಯಿ ಕ್ಯಾನ್ಸರ್ ತಗೊಳ್ಳಿ, ಇದಕ್ಕಿಂತ ಸುಲಭದ ಕೇಸ್ ಇಲ್ಲ ಅನ್ಸುತ್ತೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಜನ ತಂಬಾಕು ಬಳಸ್ತಾರೆ. ಸೇದೋರಿಗಿಂತ ಜಗಿಯೋರೇ ಜಾಸ್ತಿ, ಶೇ. 16.3. ಗುಟ್ಕಾ 2013ರಲ್ಲೇ ನಿಷೇಧ ಆಯ್ತು. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಎರಡೂ ಒಂದೇ ಅಂಗಡಿಯಲ್ಲಿ. ತಂಬಾಕು ಬಿಡಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತ ಸೇರಿಸ್ತು. ಬೆಳೆಗಾರರು ಇದನ್ನ ಒಪ್ಪಲ್ಲ, ಆ ಜಗಳ ಇನ್ನೂ ನಡೀತಿದೆ. ಹಾಗಾದರೆ ಮದುವೆ ಮನೆಯ ತಾಂಬೂಲ ಲೈಫ್‌ಸ್ಟೈಲಾ, ಸಂಪ್ರದಾಯನಾ? ದಾವಣಗೆರೆಯ ಕೇಳುಗರೇ, ನಿಮ್ಮ ಜಿಲ್ಲೆಯ ಚನ್ನಗಿರಿಯಲ್ಲಿ ಎಷ್ಟು ಮನೆ ಅಡಿಕೆಯಿಂದ ನಡೀತಿವೆ? ಅಲ್ಲಿ ಬೆಳೆ ಬಂದ್ರೆ ಹಬ್ಬ, ಅದನ್ನ ಜಗಿದವನಿಗೆ ಕಾಯಿಲೆ ಬಂದ್ರೆ ಮಾತ್ರ ‘ತಾನೇ ಮಾಡ್ಕೊಂಡಿದ್ದು’ ಅನ್ನೋದು ಹೇಗೆ? ರಾತ್ರಿಯಿಡೀ ಲಾರಿ ಓಡಿಸೋರು ನಿದ್ದೆ ತಡೆಯೋಕೆ ಜಗೀತಾರೆ. ಚರಂಡಿ ಕೆಲಸದವರು ವಾಸನೆ ತಡೆಯೋಕೆ. ಅದನ್ನ ಆಯ್ಕೆ ಅಂತ ಕರೆಯೋಕೆ ನನಗೆ ನಾಲಿಗೆ ಬರಲ್ಲ.

ಸಕ್ಕರೆ ಕಾಯಿಲೆ, ಹೃದಯಕ್ಕೆ ಬಂದರೆ ವಿಷಯ ಇನ್ನೂ ಗೋಜಲು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ ಇದೆ. ಅನ್ನ, ಸಿಹಿ, ವಾಕಿಂಗ್ ಮಾಡಲ್ಲ ಅಂತ ನಾವು ಬೈಕೊಳ್ತೀವಿ. ಆದರೆ ನಮ್ಮ ಮೈಸೂರಿನಲ್ಲೇ ನಡೆದ ಒಂದು ಸಂಶೋಧನೆ ಹೇಳ್ತೀನಿ, ನನಗೆ ತುಂಬಾ ಇಷ್ಟವಾದದ್ದು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲಾ ರಿಜಿಸ್ಟರ್‌ನಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಅದೇ ಸುತ್ತಮುತ್ತ ಇದ್ದ 517 ಜನರನ್ನ ಸಂಶೋಧಕರು ದೊಡ್ಡವರಾದಮೇಲೆ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ. 3 ಕೆ.ಜಿ. ದಾಟಿ ದಪ್ಪಗೆ ಹುಟ್ಟಿದವರಲ್ಲಿ ಶೇ. 3. ತಾಯಿಗೆ ಬಸಿರಲ್ಲಿ ಊಟ ಸಾಲದೇ ಇದ್ದದ್ದು ಮಗನಿಗೆ ನಡುವಯಸ್ಸಿನಲ್ಲಿ ಎದೆನೋವಾಗಿ ಬರಬಹುದು ಅನ್ನೋ ಅನುಮಾನಕ್ಕೆ ಇಂಥ ಅಂಕಿಗಳೇ ಆಧಾರ. ಇದು ಯಾರ ಜೀವನಶೈಲಿ?

ಅಪ್ಪು ಅವರ ವಿಷಯ ಎಲ್ಲರಿಗೂ ಗೊತ್ತು. 2021ರ ಅಕ್ಟೋಬರ್ 29, ವಯಸ್ಸು 46, ಫಿಟ್‌ನೆಸ್‌ಗೇ ಹೆಸರಾದವರು. ಅವರ ಹೆಸರಲ್ಲೇ ಆಮೇಲೆ ಹೃದಯ ಜ್ಯೋತಿ ಯೋಜನೆ ಬಂತು, ಎದೆನೋವು ಅಂತ ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ರಕ್ತ ಹೆಪ್ಪುಗಟ್ಟಿದ್ದನ್ನ ಕರಗಿಸೋ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡೋದು. ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯ್ತಿರುವಾಗ, ‘ನೀವು ಬೀಡಿ ಸೇದ್ತಿದ್ರಾ? ಎಷ್ಟು ವರ್ಷ?’ ಅಂತ ಫಾರ್ಮ್ ತುಂಬಿಸೋದನ್ನ ಊಹಿಸ್ಕೊಳ್ಳಿ. ಹಾಗೆ ಮಾಡಿದರೆ ರೋಗಿಗಳು ಸುಳ್ಳು ಹೇಳೋದು ಕಲೀತಾರೆ ಅಷ್ಟೇ. ಡಾಕ್ಟರಿಗೆ ನಿಜ ಹೇಳದ ರೋಗಿಗೆ ಚಿಕಿತ್ಸೆ ಕೊಡೋದು ಕಷ್ಟ. ಸುಳ್ಳು ಹೇಳೋಕೆ ಬಾರದ, ಹೆದರೋ ರೋಗಿ ಆಸ್ಪತ್ರೆಗೇ ಬರಲ್ಲ.

ನಮ್ಮ ಸರ್ಕಾರವೇ ಇನ್ನೊಂದು ಕಡೆ ಈ ಪ್ರಶ್ನೆ ಕೇಳೋದನ್ನ ಬಿಟ್ಟಿದೆ. 2016ರಲ್ಲಿ ಶುರುವಾದ ಸಾಂತ್ವನ ಹರೀಶ್ ಯೋಜನೆಯಲ್ಲಿ ರಸ್ತೆ ಅಪಘಾತ ಆದವರಿಗೆ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಚಿಕಿತ್ಸೆ. ಬಿಪಿಎಲ್ಲಾ, ಯಾವ ರಾಜ್ಯದವರು ಅಂತ ಕೇಳಲ್ಲ. ಹೆಲ್ಮೆಟ್ ಹಾಕಿದ್ಯಾ ಅಂತಲೂ ಕೇಳಲ್ಲ. ಅದಕ್ಕೆ ಯಾರೂ ಸಿಟ್ಟಾಗಿದ್ದು ನಾನು ನೋಡಿಲ್ಲ. ಬೈಕ್ ನಾವೆಲ್ಲಾ ಓಡಿಸ್ತೀವಲ್ಲ!

ಒಂದು ವಿನಾಯಿತಿ ಇದೆ. ಕುಡಿದು ಲಿವರ್ ಹೋದವರಿಗೆ ಕಸಿ ಮಾಡೋ ಮೊದಲು ಎಷ್ಟೋ ಆಸ್ಪತ್ರೆಗಳು ಇಷ್ಟು ತಿಂಗಳು ಕುಡಿತ ಬಿಟ್ಟಿರಬೇಕು ಅಂತ ಕೇಳ್ತವೆ. ಆರು ತಿಂಗಳು ಅನ್ನೋದು ಹಳೇ ರೂಢಿ, ಅದರ ಬಗ್ಗೆ ವೈದ್ಯರಲ್ಲೇ ವಾದ ಇದೆ. ಆದರೆ ಅಲ್ಲಿ ಕೇಳೋ ಪ್ರಶ್ನೆಯೇ ಬೇರೆ. ಲಿವರ್ ಸಿಗೋದೇ ಅಪರೂಪ, ಕಸಿ ಆದಮೇಲೆ ಈ ರೋಗಿಯಲ್ಲಿ ಅದು ಉಳಿಯುತ್ತಾ ಅಂತ. ಮುಂದೆ ಏನಾಗುತ್ತೆ ಅನ್ನೋದು ವೈದ್ಯರು ಕೇಳಬಹುದಾದ ಮಾತು. ಹಿಂದೆ ಯಾಕೆ ಕುಡಿದೆ ಅನ್ನೋದಕ್ಕೆ ಚಿಕಿತ್ಸೆ ನಿಲ್ಲಿಸೋದು ಶಿಕ್ಷೆ.

ದುಡ್ಡು ಸೀಮಿತ ಅನ್ನೋ ಮಾತು ಹಾಗಾದರೆ ಸುಳ್ಳಾ? ಸುಳ್ಳಲ್ಲ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌, ವರ್ಷಗಟ್ಟಲೆ. ಅದೇ ದುಡ್ಡಲ್ಲಿ ಮಗುವಿನ ಹೃದಯದ ಆಪರೇಷನ್ ಆಗಬಹುದಿತ್ತು ಅನ್ನೋ ಲೆಕ್ಕ ಯಾವ ಅಕೌಂಟೆಂಟ್‌ಗೂ ಕಾಣುತ್ತೆ. ನನಗೂ ಕಾಣುತ್ತೆ. ಆದರೆ ಉಳಿಸಬೇಕಾದ ಜಾಗ ಅದಲ್ಲ. ಆಯುಷ್ಮಾನ್ ಭಾರತ್ ಏನೇನು ಭರಿಸಲ್ಲ ಅನ್ನೋ ಪಟ್ಟಿಯನ್ನ ಓದಿ. ಒಪಿಡಿ ಇಲ್ಲ. ಮಾದಕ ವ್ಯಸನ ಬಿಡಿಸೋ ಪುನರ್ವಸತಿ ಇಲ್ಲ. ಅಂದರೆ ಚಟ ಬಿಡಿಸೋಕೆ ಈ ಕಾರ್ಡ್ ನಡೆಯಲ್ಲ, ಚಟದಿಂದ ಕ್ಯಾನ್ಸರ್ ಬಂದಮೇಲೆ ನಡೆಯುತ್ತೆ. ಲೈಫ್‌ಸ್ಟೈಲ್ ಕಾಯಿಲೆಗೆ ಉಚಿತ ಚಿಕಿತ್ಸೆ ಕೊಡಬೇಕಾ ಅಂತ ನಾವು ಜಗಳ ಆಡ್ತಿದ್ದರೆ, ಯೋಜನೆ ಅತಿ ದುಬಾರಿಯಾದ ಕೊನೆಯ ಹಂತಕ್ಕೆ ಮಾತ್ರ ದುಡ್ಡು ಕೊಡ್ತಿದೆ. ಬಾಯಿ ಕ್ಯಾನ್ಸರ್ ನಮ್ಮಲ್ಲಿ ಹೆಚ್ಚಿನಂಶ ಪತ್ತೆ ಆಗೋದೇ ಮುಂದುವರಿದ ಹಂತದಲ್ಲಿ. ದವಡೆ ತೆಗೀಬೇಕು, ರೇಡಿಯೇಷನ್ ಕೊಡಬೇಕು, ಬೆಂಗಳೂರಲ್ಲಿ ವಾರಗಟ್ಟಲೆ ಉಳೀಬೇಕು. ಆಪರೇಷನ್ ಫ್ರೀ ಇದ್ದರೂ ಕೂಲಿ ಹೋಗುತ್ತೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತೆ.

ಬಿಡಿಸೋ ವ್ಯವಸ್ಥೆ ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರಿನ ಕಿದ್ವಾಯಿ ಮತ್ತು ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸೋ ಕೇಂದ್ರ 2002ರಿಂದ ಇವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಕಾರ್ಯಕ್ರಮ ಇದೆ. 2024ರಲ್ಲಿ ಶುರುವಾದ ಗೃಹ ಆರೋಗ್ಯದಲ್ಲಿ ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆಗೆ ಮನೆ ಬಾಗಿಲಿಗೇ ಬರ್ತಾರೆ. ನನ್ನ ತಕರಾರು ಇಷ್ಟೇ: ಆಪರೇಷನ್‌ಗೆ ಪ್ಯಾಕೇಜ್ ದರ, ಕೋಡ್ ನಂಬರ್, ಆಸ್ಪತ್ರೆಗೆ ಪೇಮೆಂಟ್ ಎಲ್ಲಾ ಇದೆ. ಆರು ತಿಂಗಳು ಬೆನ್ನು ಹತ್ತಿ ಗುಟ್ಕಾ ಬಿಡಿಸಿದ ಕೌನ್ಸೆಲರ್‌ಗೆ ಅಂಥದ್ದೊಂದು ಕೋಡ್ ಇಲ್ಲ. ಬಿಲ್ ಮಾಡೋಕೆ ಬರದ ಕೆಲಸವನ್ನ ಖಾಸಗಿ ಆಸ್ಪತ್ರೆ ಯಾಕೆ ಮಾಡುತ್ತೆ? ಅಬಕಾರಿ ಟಾರ್ಗೆಟ್‌ನಲ್ಲಿ ನೂರಕ್ಕೆ ಒಂದು ರೂಪಾಯಿ ಎತ್ತಿಟ್ಟರೂ ವರ್ಷಕ್ಕೆ 385 ಕೋಟಿ ಆಗುತ್ತೆ. ಅದರಲ್ಲಿ ಮೊದಲು ಆಗಬೇಕಾದ್ದು ಆ ಕೋಡ್ ಅಂತ ನನ್ನ ಅಭಿಪ್ರಾಯ. ಎಪಿಎಲ್ ಶೇ. 30 ಬಗ್ಗೆ ಕೇಳುಗರ ದೂರಿದೆಯಲ್ಲ, ಅದು ನ್ಯಾಯವಾದದ್ದೇ. ಆದರೆ ಅದನ್ನ ಕೇಳಬೇಕಾದ್ದು ಸರ್ಕಾರದ ಹತ್ತಿರ, ಪಕ್ಕದ ಬೆಡ್‌ನಲ್ಲಿ ಮಲಗಿದವನ ಹತ್ತಿರ ಅಲ್ಲ.

ಮುಗಿಸೋ ಮೊದಲು, ಮನೆಯಲ್ಲಿ ಜಗಿಯೋರು ಇದ್ದರೆ ಅವರಿಗೆ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತಾ ನೋಡೋಕೆ ಹೇಳಿ. ಹೋಗದೇ ಇದ್ದರೆ, ಖಾರ ತಿಂದರೆ ಉರಿ ಇದ್ದರೆ, ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರಕ್ಕೂ ವಾಸಿಯಾಗದ ಹುಣ್ಣು ಇದ್ದರೆ ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರ ಹತ್ತಿರ ಕರ್ಕೊಂಡು ಹೋಗಿ. ತಂಬಾಕು ಬಿಡೋಕೆ ಉಚಿತ ಸಹಾಯವಾಣಿ 1800-11-2356. ಕುಡಿತದ ವಿಷಯಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.