ಬಿಟ್ಟುಬಿಟ್ಟು ಬರುವ ದೋಷ

ಸದಾ ಕಾಣುವ ದೋಷವನ್ನು ಹಿಡಿಯುವುದು ಸುಲಭ. ಬಿಟ್ಟುಬಿಟ್ಟು ಬರುವ ದೋಷವನ್ನು ಹಿಡಿಯುವುದು ಕಷ್ಟ. ವೈದ್ಯರು ಬಂದಾಗ ಇಳಿದು, ಅವರು ಹೋದ ಮೇಲೆ ಏರುವ ಜ್ವರದಂತೆ ಅದು ನಮ್ಮನ್ನು ಆಟವಾಡಿಸುತ್ತದೆ. ಗಣಕಯಂತ್ರದಲ್ಲಿ ಕನ್ನಡವನ್ನು ಬಳಸುವವರಿಗೆ ಎದುರಾಗಬಹುದಾದ ಇಂಥದೊಂದು ದೋಷವನ್ನು ಇಲ್ಲಿ ವಿಚಾರಿಸೋಣ.

ಬರಹವನ್ನು ತಿದ್ದುವ ಎಡಿಟರಿನ ಒಳಗಿನಿಂದಲೇ ಬೇರೆ ಪ್ರೋಗ್ರಾಂಗಳನ್ನು ನಡೆಸುವ ಅನುಕೂಲವುಂಟು. ನಾವು ಕೊಟ್ಟ ಆಜ್ಞೆಯನ್ನು ‘ಶೆಲ್’ ಎಂಬ ಪ್ರೋಗ್ರಾಂ ನಡೆಸುತ್ತದೆ. ಫಲಿತಾಂಶವು ‘ಪೈಪು’ ಎಂಬ ಮಾರ್ಗದಿಂದ ಎಡಿಟರಿನ ಪುಟಕ್ಕೆ ಹರಿದು ಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಊರುಗಳ ಉದ್ದನೆಯ ಯಾದಿಯೊಂದನ್ನು ಹೀಗೆ ತರಿಸಿದೆವೆನ್ನಿ. ಎಲ್ಲ ಹೆಸರುಗಳೂ ಸರಿಯಾಗಿವೆ. ‘ಭೋಜ’ ಎಂದಿರಬೇಕಾದಲ್ಲಿ ಮಾತ್ರ ಕಪ್ಪು ವಜ್ರಾಕೃತಿಯೊಳಗಿನ ಪ್ರಶ್ನಾರ್ಥಕ ಚಿಹ್ನೆಗಳು ಕುಳಿತಿವೆ. ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಭೋಜ ನೆಟ್ಟಗಿದೆ! ಕೆಟ್ಟ ಪುಟವನ್ನು ಗಮನಿಸದೆ ಉಳಿಸಿದರೆ ಆ ಪ್ರತಿಯಿಂದ ಮೂಲ ಅಕ್ಷರ ಅಳಿದುಹೋಗುತ್ತದೆ. ಅದು ವಿದ್ಯಾರ್ಥಿವೇತನದ ಯಾದಿಯಾಗಿದ್ದರೆ, ಹುಡುಕಿದರೂ ಸಿಗದ ಹೆಸರು ಒಬ್ಬ ವಿದ್ಯಾರ್ಥಿಯದಾಗಿರುತ್ತದೆ.

ಕಾರಣವನ್ನು ತಿಳಿಯಲು ಅಕ್ಷರಗಳು ಸಾಗುವ ರೀತಿಯನ್ನು ನೋಡಬೇಕು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಒಂದು ಸಂಖ್ಯೆಯುಂಟು. ಆ ಸಂಖ್ಯೆಯನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು ಸಾಕು. ಕನ್ನಡದ ಸಂಕೇತಕ್ಕೆ ಮೂರು ಬೇಕು. ‘ಭ’ ಎಂದರೆ 224, 178, 173. ‘ಭೋಜ’ ಎಂಬಲ್ಲಿ ಭ, ಓಕಾರದ ಚಿಹ್ನೆ, ಜ ಎಂದು ಮೂರು ಸಂಕೇತಗಳು, ಅಂದರೆ 9 ಬೈಟುಗಳು.

ಪೈಪಿಗಾದರೋ ಅಕ್ಷರಜ್ಞಾನವಿಲ್ಲ, ಅದು ಬಲ್ಲುದು ಬೈಟುಗಳನ್ನು ಮಾತ್ರ. ಕಳಿಸುವ ಪ್ರೋಗ್ರಾಂ ಸಾಮಾನ್ಯವಾಗಿ 4096 ಬೈಟುಗಳ ಕಟ್ಟು ತುಂಬಿದಾಗ ಅದನ್ನು ಪೈಪಿಗೆ ಬಿಡುತ್ತದೆ. 4096ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಜತೆಗೆ ಹೊರಟ ಮೂವರಲ್ಲಿ ಒಬ್ಬನು ಮೊದಲ ಬಸ್ಸಿನಲ್ಲಿ, ಇಬ್ಬರು ಮುಂದಿನ ಬಸ್ಸಿನಲ್ಲಿ ಬಂದಂತೆ, ‘ಭ’ದ 224 ಮೊದಲ ಕಟ್ಟಿನ ಕೊನೆಗೂ ಉಳಿದೆರಡು ಮುಂದಿನ ಕಟ್ಟಿಗೂ ಬೀಳಬಹುದು. ಬಂದ ಕಟ್ಟನ್ನು ಆಗಲೇ ಓದಿ ಮುಗಿಸುವ ಎಡಿಟರು ಆ ಒಂಟಿ ಬೈಟನ್ನು ಅರ್ಥವಿಲ್ಲದ್ದೆಂದು ತಳ್ಳಿಹಾಕುತ್ತದೆ.

ಹಾಗಾದರೆ ದೋಷವು ಪ್ರತಿಸಲವೂ ಏಕೆ ಕಾಣಿಸದು? ಎಡಿಟರು ಸ್ವಲ್ಪ ತಡವಾಗಿ ಬಂದರೆ ಎರಡು ಕಟ್ಟುಗಳೂ ಪೈಪಿನಲ್ಲಿ ಕೂಡಿರುತ್ತವೆ. ಒಟ್ಟಿಗೆ ಓದಿದಾಗ ಬಿರುಕು ತೋರದು. ಯಂತ್ರಕ್ಕೆ ಆ ಕ್ಷಣದಲ್ಲಿರುವ ಕೆಲಸದ ಭಾರದ ಮೇಲೆ ಇದು ನಿಂತಿದೆ. ಯಾದಿ ಚಿಕ್ಕದಾಗಿದ್ದರೆ ಕಟ್ಟು ಒಂದೇ. ಒಡೆಯುವ ಮಾತೇ ಇಲ್ಲ. ನೇರವಾಗಿ ಟರ್ಮಿನಲ್ಲಿಗೆ ಬರೆಯುವಾಗ ಪ್ರೋಗ್ರಾಂಗಳು ಸಾಮಾನ್ಯವಾಗಿ ಸಾಲುಸಾಲಾಗಿ ಕಳಿಸುವುದರಿಂದ ಅಲ್ಲಿಯೂ ದೋಷ ಕಾಣದು.

ಇಂಥ ದೋಷವನ್ನು ಹಿಡಿಯಲು ಕಾಯುತ್ತ ಕೂರಬಾರದು. ಅದನ್ನು ಬೇಕೆಂದೇ ಬರಿಸಬೇಕು. ಮೊದಲು ಫಲಿತಾಂಶವನ್ನು ಎಡಿಟರಿಗೆ ಬದಲಾಗಿ ಕಡತಕ್ಕೆ ಕಳಿಸಿ ಬೈಟುಗಳನ್ನು ಪರೀಕ್ಷಿಸಿರಿ. ಅಲ್ಲಿ ಎಲ್ಲವೂ ಸರಿಯಾಗಿದ್ದರೆ ಕಳಿಸಿದವನು ನಿರ್ದೋಷಿ. ಬಳಿಕ 2000 ‘ಭ’ಗಳಲ್ಲಿ ಮೊದಲ 4096 ಬೈಟುಗಳನ್ನು ಕಳಿಸಿ, ಒಂದು ಸೆಕೆಂಡು ನಿಂತು, ಉಳಿದುದನ್ನು ಕಳಿಸುವ ಪ್ರೋಗ್ರಾಂ ಒಂದನ್ನು ಬರೆಯಿರಿ. ನಮ್ಮ ಊಹೆ ನಿಜವಾದರೆ 1366ನೆಯ ‘ಭ’ ಪ್ರತಿಸಲವೂ ಕೆಡುತ್ತದೆ. ಮೊದಲಿಗೆ ಒಂದು ಇಂಗ್ಲಿಷ್ ಅಕ್ಷರ ಸೇರಿಸಿದರೆ ದೋಷ ಮಾಯವಾಗಬೇಕು. ಎರಡು ಅಥವಾ ಮೂರು ಸೇರಿಸಿದರೆ ಮರಳಬೇಕು. ನಾಲ್ಕಕ್ಕೆ ಮತ್ತೆ ಮಾಯವಾಗಬೇಕು. ಹೀಗೆ ಮುಂದಾಗಿಯೇ ಹೇಳಿದ್ದು ನಡೆದರೆ ಊಹೆಯು ಸಿದ್ಧವಾದಂತೆ.

ಪರಿಹಾರವು ಸರಳ. ಯುಟಿಎಫ್-8ರಲ್ಲಿ ಮೊದಲ ಬೈಟೇ ತನ್ನ ಬಳಗದ ಸಂಖ್ಯೆಯನ್ನು ಸಾರುತ್ತದೆ: 224 ಎಂದರೆ ‘ನಾವು ಮೂವರು’. ಕಟ್ಟಿನ ಕೊನೆಯಲ್ಲಿ ಬಳಗವು ಅಪೂರ್ಣವಾಗಿದ್ದರೆ ಎಡಿಟರು ಆ ಬೈಟುಗಳನ್ನು ತೆಗೆದಿಟ್ಟುಕೊಂಡು ಮುಂದಿನ ಕಟ್ಟಿನ ಆರಂಭಕ್ಕೆ ಜೋಡಿಸಿ ಓದಬೇಕು.

ಮತ್ತೆ ನಡೆಸಿದಾಗ ಸರಿಹೋಯಿತೆಂದು ಸುಮ್ಮನಾಗುವವನಿಗೆ ಈ ಕಾರಣ ಎಂದಿಗೂ ಸಿಗದು. ಆಗೊಮ್ಮೆ ಈಗೊಮ್ಮೆ ಬರುವ ದೋಷಕ್ಕೂ ನಿಯಮವುಂಟು. ಎರಡು ಸಲದ ನಡುವೆ ಬದಲಾದುದೇನೆಂದು ಕೇಳುವುದೇ ಅದನ್ನು ಕಾಣುವ ದಾರಿ.